ಅಲಗಿಗಿಂತ ಮೊದಲು ಒರೆಯನ್ನು ಓದಿ: ವಿಯೆಟ್ನಾಮಿನ ಹಳೆಯ ಕತ್ತಿಗಳನ್ನು ಕುರಿತು

ಪ್ರಶ್ನೆ: ನನ್ನ ಊರು ಶಿವಮೊಗ್ಗ. ಉದ್ಯೋಗಕ್ಕಾಗಿ ಮೂರು ವರ್ಷಗಳಿಂದ ಹನೋಯಿಯಲ್ಲಿದ್ದೇನೆ. ಇಲ್ಲಿ ಪರಿಚಯದವರ ಮನೆಯಲ್ಲಿ ಒಂದು ಹಳೆಯ ಕತ್ತಿ ಮಾರಾಟಕ್ಕಿದೆ. ಕಪ್ಪುಗಂದು ಮರದ ಒರೆ, ಅದರ ತುಂಬ ಹೊಳೆಯುವ ಚಿಪ್ಪಿನ ಚಿತ್ತಾರ, ನಡುನಡುವೆ ಬೆಳ್ಳಿಯ ಪಟ್ಟಿಗಳು. ಹಿಡಿ ಬಿಳಿಯದು, ದಂತ ಎನ್ನುತ್ತಾರೆ. ಆದರೆ ಬೆರಳುಗಳ ಮುಂದೆ ಬಿಲ್ಲಿನಂತೆ ಬಾಗಿದ ಕಾಪು ಇದ್ದು, ನೋಡಿದರೆ ಫ್ರೆಂಚ್ ಸೇನಾಧಿಕಾರಿಯ ಕತ್ತಿಯ ಹಾಗಿದೆ. ಅಲಗು ತೆಳು, ಹರಿತವೂ ಇಲ್ಲ. ಜಪಾನಿನ ಕತ್ತಿಗಳ ಬಗ್ಗೆ ಸ್ವಲ್ಪ ಓದಿಕೊಂಡಿರುವ ನನಗೆ ಇದು ಆಟಿಕೆಯಂತೆ ಕಂಡಿತು. ಇದು ನಿಜಕ್ಕೂ ವಿಯೆಟ್ನಾಮಿನ ಸಾಂಪ್ರದಾಯಿಕ ಕತ್ತಿಯೇ, ಅಥವಾ ಪ್ರವಾಸಿಗರಿಗಾಗಿ ಮಾಡಿದ್ದೇ? ಕೊಳ್ಳಬಹುದೇ? ಮುಂದೆ ಇಂಥವನ್ನು ಸಂಗ್ರಹಿಸಬೇಕೆಂದರೆ ಏನನ್ನು ನೋಡುವುದು ಕಲಿಯಬೇಕು?

ಉತ್ತರ: ನಿಮ್ಮ ಪತ್ರದಲ್ಲಿ 'ಆಟಿಕೆಯಂತೆ' ಎಂಬ ಮಾತೊಂದಿದೆ. ಅಲ್ಲಿಂದಲೇ ತೊಡಗುತ್ತೇನೆ. ಈ ಕತ್ತಿಗಳಿಗೆ ನೂರು ವರ್ಷಗಳಿಂದ ಆಗುತ್ತಿರುವ ಅನ್ಯಾಯವೆಲ್ಲ ಆ ಒಂದು ಮಾತಿನಲ್ಲಿದೆ.

ಜಪಾನಿನ ಕತ್ತಿಯನ್ನು ಬಲ್ಲವರು ಮೊದಲು ಅಲಗನ್ನು ನೋಡುತ್ತಾರೆ. ಹಿಡಿಯನ್ನು ಕಳಚಿಟ್ಟು, ಉಕ್ಕಿನ ಮೇಲೆ ಹದ ಹಾಕಿದಾಗ ಮೂಡಿದ ಗೆರೆಯನ್ನು ಬೆಳಕಿಗೆ ಹಿಡಿದು ಓದುತ್ತಾರೆ. ಒರೆ, ಹಿಡಿ ಎಲ್ಲ ಅಲಗಿನ ಉಡುಪು ಮಾತ್ರ. ಆ ಅಳತೆಗೋಲನ್ನು ವಿಯೆಟ್ನಾಮಿಗೆ ಒಯ್ದರೆ ಕೈಗೆ ಏನೂ ಸಿಗುವುದಿಲ್ಲ. 1802ರಿಂದ 1945ರವರೆಗೆ ಆಳಿದ ನ್ಗುಯೆನ್ ಅರಸರ ಕಾಲದಲ್ಲಿ ದೊಡ್ಡ ಅಧಿಕಾರಿಯೊಬ್ಬ ಬೀದಿಗಿಳಿದರೆ ಅವನ ಕತ್ತಿ ಅವನ ಸೊಂಟದಲ್ಲೇ ಇರಬೇಕೆಂದಿರಲಿಲ್ಲ. ಹಿಂದೆ ನಡೆಯುವ ಸೇವಕ ಅದನ್ನು ಹೊರುತ್ತಿದ್ದ. 1884ರಿಂದ 1886ರವರೆಗೆ ಫ್ರೆಂಚ್ ಸೇನೆಯೊಂದಿಗೆ ಉತ್ತರ ವಿಯೆಟ್ನಾಮಿನಲ್ಲಿ ಓಡಾಡಿದ ವೈದ್ಯ ಓಕಾರ್ ತೆಗೆದ ಛಾಯಾಚಿತ್ರಗಳಲ್ಲಿ ಅಧಿಕಾರಿಗಳ ಸುತ್ತ ಛತ್ರಿ ಹಿಡಿದವರು, ಹುಕ್ಕಾ ಮತ್ತು ಎಲೆಯಡಿಕೆ ಪೆಟ್ಟಿಗೆ ಹೊತ್ತವರು, ಕತ್ತಿ ಹೊತ್ತವರು ಕಾಣುತ್ತಾರೆ. ಛತ್ರಿ ಎಷ್ಟೋ ಕತ್ತಿಯೂ ಅಷ್ಟೇ. ಎರಡೂ ಪದವಿಯ ಗುರುತು.

ಹೀಗಿರುವಾಗ ಬೀದಿಯ ಜನ ಕಂಡದ್ದು ಏನನ್ನು? ಒರೆಯನ್ನು. ಅಲಗು ವರ್ಷಕ್ಕೊಮ್ಮೆ ಎಣ್ಣೆ ಸವರುವಾಗ ಹೊರಬಂದರೆ ಬಂತು. ಆದ್ದರಿಂದ ನಾಡಿನ ಅತ್ಯುತ್ತಮ ಕೈಗಳು ಒರೆಗೆ ದುಡಿದವು. ನಮ್ಮಲ್ಲಿ ಕೊಡವರ ಮದುವೆಯಲ್ಲಿ ಮದುಮಗನ ಸೊಂಟದ ಪೀಚೆಕತ್ತಿಯನ್ನು ನೋಡಿ 'ಇದರಲ್ಲಿ ಏನು ಕಡಿಯಲಾದೀತು' ಎಂದು ಯಾರೂ ಕೇಳುವುದಿಲ್ಲ. ಅದರ ಬೆಳ್ಳಿಯ ಒರೆ, ಸರಪಣಿಗಳೇ ಆ ಹೊತ್ತಿನ ಮಾತನ್ನು ಆಡುತ್ತವೆ. ವಿಯೆಟ್ನಾಮಿನ ಅಧಿಕಾರಿಯ ಕತ್ತಿಯ ಮುಂದೆಯೂ ಅದೇ ಕಣ್ಣು ಬೇಕು.

ನನ್ನ ಬಳಿ ಇರುವ ಒಂದು ಒರೆಯನ್ನು ಭೂತಗನ್ನಡಿಯ ಕೆಳಗೆ ಹಿಡಿದು ನಿಮಗೆ ತೋರಿಸಿದ ಹಾಗೆ ಹೇಳುತ್ತೇನೆ. ಮರದ ಎರಡು ಸೀಳುಗಳನ್ನು ಒಳಗೆ ತೋಡಿ, ಅಂಟಿಸಿ, ಬೆಳ್ಳಿಯ ಪಟ್ಟಿಗಳಿಂದ ಬಿಗಿದಿದ್ದಾರೆ. ಬಾಯಿಯಿಂದ ತುದಿಯವರೆಗೆ ಮೂರು ಅಂಕಣಗಳು. ಮೇಲಿನದರಲ್ಲಿ ಬಿದಿರಿನ ಪೊದೆ, ನಡುವೆ ದೋಣಿಯಲ್ಲಿ ಕೂತು ಗಾಳ ಹಾಕಿದ ಮುದುಕ, ಕೆಳಗೆ ಬಾವಲಿ ಮತ್ತು ಹಣ್ಣು. ಬಾವಲಿ ನಮಗೆ ಅಪಶಕುನ. ಅಲ್ಲಿ ಅದು ಸುಖಸಂಪತ್ತಿನ ಗುರುತು, ಹೆಸರಿನ ಉಚ್ಚಾರಣೆ ಒಂದೇ ಆದ್ದರಿಂದ. ಆ ಮುದುಕನ ಎತ್ತರ ನನ್ನ ಕಿರುಬೆರಳಿನ ಉಗುರಿನಷ್ಟು. ಅವನ ಟೋಪಿ ಒಂದೇ ತುಂಡು ಚಿಪ್ಪು. ಅದರ ಮೇಲೆ ಏಳು ಗೀರುಗಳು. ಆ ಏಳೂ ಒಂದೇ ಸಮ ಇಲ್ಲ. ಮೊದಲ ಮೂರು ಆಳ, ನಾಲ್ಕನೆಯದು ಜಾರಿದೆ, ಮುಂದಿನವು ನವಿರು. ಕೆತ್ತಿದವನ ಕೈ ಅಲ್ಲಿ ಒಂದು ಕ್ಷಣ ನಿಂತು ಮತ್ತೆ ಹೊರಟದ್ದು ಕಾಣಿಸುತ್ತದೆ. ಗೀರುಗಳಲ್ಲಿ ತುಂಬಿದ ಕಪ್ಪು ಈಗ ಅಲ್ಲಲ್ಲಿ ಮಾತ್ರ ಉಳಿದಿದೆ. ಒರೆಯನ್ನು ಸ್ವಲ್ಪ ಹೊರಳಿಸಿದರೆ ನೀರು ಹಸಿರಾಗುತ್ತದೆ, ಇನ್ನೂ ಸ್ವಲ್ಪ ಹೊರಳಿಸಿದರೆ ನೇರಳೆಯಾಗುತ್ತದೆ. ಇದನ್ನು ನೋಡುತ್ತ ನಾನು ಕಳೆದ ಸಂಜೆಗಳು ಅನೇಕ, ಬೇಸರ ಬಂದದ್ದಿಲ್ಲ.

ಈ ಕೆಲಸ ನಡೆಯುವ ಬಗೆ ತಿಳಿದರೆ ನೋಡುವ ಕಣ್ಣು ಬದಲಾಗುತ್ತದೆ. ಚಿತ್ರವನ್ನು ಮೊದಲು ಕಾಗದದ ಮೇಲೆ ಬರೆಯುತ್ತಾರೆ. ಸಮುದ್ರದ ಚಿಪ್ಪು, ಶಂಖಗಳ ಒಳಪದರವನ್ನು ತೆಳ್ಳಗೆ ಉಜ್ಜಿ, ಚಿತ್ರದ ತುಂಡುಗಳನ್ನು ಅದರ ಮೇಲೆ ಅಂಟಿಸಿ, ಕೂದಲಿನಂಥ ಅಲಗಿನ ಗರಗಸದಿಂದ ಕೊರೆಯುತ್ತಾರೆ. ಮರದಲ್ಲಿ ಅದೇ ಆಕಾರದ ಗುಳಿ ತೋಡಿ, ಮರದ ಹಾಲಿನಿಂದ ತಯಾರಾದ ಅರಗಿನಲ್ಲಿ ಕೂರಿಸುತ್ತಾರೆ. ಒಣಗಿದ ಮೇಲೆ ಸಮಮಾಡಿ, ಕೊನೆಗೆ ಉಳಿಯ ಮೊನೆಯಿಂದ ಎಲೆಯ ನರ, ಹಕ್ಕಿಯ ರೆಕ್ಕೆ, ಮುಖದ ಕಣ್ಣು ಕೆತ್ತಿ ಕಪ್ಪು ಉಜ್ಜುತ್ತಾರೆ. ಮೈಸೂರಿನಲ್ಲಿ ಬೀಟೆಯ ಹಲಗೆಗೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸುವುದನ್ನು ನೀವು ಕಂಡಿದ್ದರೆ ಅರ್ಧ ಕೆಲಸ ಕಂಡಂತೆಯೇ. ಅಲ್ಲಿ ಬಳಸುವ 'ಚಾಕ್' ಮರ ನಮ್ಮ ಬೀಟೆಯ ಒಡಹುಟ್ಟು; ಎರಡೂ ಒಂದೇ ಕುಲದವು.

ನೀವಿರುವ ಊರಿನಲ್ಲೇ ಇದರ ತವರು ಇದೆ. ಹನೋಯಿಯ ದಕ್ಷಿಣಕ್ಕೆ ಚುವೊನ್ ನ್ಗೋ ಎಂಬ ಹಳ್ಳಿ ಈ ಕಸುಬಿಗೆ ಹೆಸರಾದದ್ದು, ಇಂದಿಗೂ ಅಲ್ಲಿ ಮನೆಮನೆಯಲ್ಲಿ ಚಿಪ್ಪು ಕೊರೆಯುವ ಸದ್ದು ಕೇಳುತ್ತದೆ. ನಗರದ ನಡುವಿನ ಹೋವಾನ್ ಕಿಯೆಮ್ ಸರೋವರದ ದಕ್ಷಿಣದ ದಂಡೆಗೆ ಹಾಂಗ್ ಖಾಯ್ ಬೀದಿ ಇದೆಯಲ್ಲ, ಅದರ ಹೆಸರಿನ ಅರ್ಥ 'ತಟ್ಟೆಗಳ ಬೀದಿ'. ಚಿಪ್ಪು ಕೂರಿಸಿದ ಮರದ ತಟ್ಟೆಗಳು ಅಲ್ಲಿ ಮಾರಾಟವಾಗುತ್ತಿದ್ದವು. ಫ್ರೆಂಚರು ಆ ಬೀದಿಯನ್ನು ಕರೆದದ್ದೇ ಚಿಪ್ಪಿನ ಕುಸುರಿಯವರ ಬೀದಿ ಎಂದು. ನಿಮ್ಮ ಪರಿಚಯದವರ ಮನೆಯ ಒರೆ ಉತ್ತರದ್ದಾದರೆ, ಅದನ್ನು ಮಾಡಿದ ಕೈಗೂ ಆ ಬೀದಿಗೂ ನಂಟಿದ್ದಿರಬಹುದು.

ಈಗ ನಿಮ್ಮನ್ನು ಕಾಡಿದ ಬಿಲ್ಲುಗಾಪು. ಅದು ಫ್ರೆಂಚ್ ಕತ್ತಿಯ ಹಾಗೆ ಕಾಣುತ್ತದೆ ಎಂದಿರಿ, ಸರಿಯಾಗಿಯೇ ಕಂಡಿರಿ. ಆದರೆ ಅಷ್ಟರಿಂದಲೇ ಅದು ವಿಯೆಟ್ನಾಮಿನದಲ್ಲ ಎನ್ನಲಾಗದು. ಫ್ರೆಂಚ್ ಫಿರಂಗಿಗಳು 1858ರಲ್ಲಿ ದಾ ನಾಂಗ್ ಮೇಲೆ ಗುಂಡು ಹಾರಿಸುವುದಕ್ಕೆ ಬಹಳ ಮೊದಲೇ ಫ್ರೆಂಚರು ಆ ನಾಡಿನಲ್ಲಿದ್ದರು. ಜಾ ಲೋಂಗ್ ಎಂಬ ಹೆಸರಿನಿಂದ 1802ರಲ್ಲಿ ಪಟ್ಟವೇರಿದ ದೊರೆ ತನ್ನ ಕಾಳಗದ ವರ್ಷಗಳಲ್ಲಿ ಪಿನ್ಯೋ ದ ಬೆಯೆನ್ ಎಂಬ ಬಿಷಪ್ಪನ ನೆರವು ಪಡೆದಿದ್ದ. ಶೆಞೋ, ವಾನಿಯೇ ಎಂಬ ಇಬ್ಬರು ಫ್ರೆಂಚರು ಅವನ ಆಸ್ಥಾನದಲ್ಲಿ ಅಧಿಕಾರಿಗಳಾಗಿ ನೆಲೆಸಿ, 1820ರ ದಶಕದವರೆಗೆ ರಾಜಧಾನಿ ಹ್ವೆ ನಗರದಲ್ಲಿದ್ದರು. ಅವರ ಸೊಂಟದ ಕತ್ತಿಗಳನ್ನು ಅಲ್ಲಿನ ಕಮ್ಮಾರರೂ ಅಕ್ಕಸಾಲಿಗರೂ ಕಣ್ಣಾರೆ ಕಂಡರು. ಕಾಪಿನ ಬಿಲ್ಲು ಪಶ್ಚಿಮದಿಂದ ಬಂತು. ಹಿಡಿಯ ತುದಿಗೆ ಕೂತ ಸಿಂಹದ ಮುಖ ಮಾತ್ರ ದೇವಾಲಯದ ಬಾಗಿಲಲ್ಲಿ ಕಾವಲಿರುವ ಪೂರ್ವದ ಸಿಂಹದ್ದು. ಕಾಪಿನ ಮೈಮೇಲೆ ಹರಿದಾಡುವ ಡ್ರ್ಯಾಗನ್, ಮೋಡ, ಸೇವಂತಿಗೆಯ ಬಳ್ಳಿ ಎಲ್ಲ ಅಲ್ಲಿನವೇ. ಪ್ಯಾರಿಸಿನ ಸೇನಾ ವಸ್ತುಸಂಗ್ರಹಾಲಯದಲ್ಲಿ ಜಾ ಲೋಂಗ್ ದೊರೆಯದೆಂದು ತೋರಿಸುವ ಕತ್ತಿಯೊಂದಿದೆ. ಅರಸನ ಕತ್ತಿಯಲ್ಲೇ ಎರಡು ಲೋಕಗಳು ಕೂಡಿರುವಾಗ ಅಧಿಕಾರಿಯ ಕತ್ತಿಯಲ್ಲಿ ಕೂಡಿದ್ದರೆ ದೋಷವೇನು?

ಅಲಗಿನದೂ ಅದೇ ಕಥೆ. ಹೊರಗಿನಿಂದ ಬಂದ ಅಲಗುಗಳಿಗೆ ಅಲ್ಲಿ ಹಿಡಿ, ಒರೆ ಕಟ್ಟುವುದು ಹಳೆಯ ರೂಢಿ. 17ನೇ ಶತಮಾನದ ಆರಂಭದಲ್ಲಿ ಹೋಯ್ ಆನ್ ಬಂದರಿನಲ್ಲಿ ಜಪಾನಿನ ವರ್ತಕರ ಒಂದು ಕೇರಿಯೇ ಇತ್ತು. ಅವರ ಹೆಸರಿನ ಸೇತುವೆ ಇಂದಿಗೂ ನಿಂತಿದೆ. ಅವರ ಸರಕಿನಲ್ಲಿ ಕತ್ತಿಗಳೂ ಇದ್ದವು. ಆಮೇಲೆ ಯುರೋಪಿನ ಅಲಗುಗಳು ಬಂದವು. ಚೀನಾದವು ಎಂದಿನಿಂದಲೂ ಬರುತ್ತಿದ್ದವು. ಆದ್ದರಿಂದ ಚಿಪ್ಪಿನ ಒರೆಯಿಂದ ಫ್ರಾನ್ಸಿನ ಅಲಗು ಹೊರಬಂದರೆ 'ಮೋಸಹೋದೆ' ಎಂದು ಹಣೆ ಚಚ್ಚಿಕೊಳ್ಳಬೇಡಿ. ಅಲಗು, ಹಿಡಿ, ಒರೆ ಮೂರೂ ಒಂದಕ್ಕೊಂದು ಹಳೆಯ ಜೊತೆಯೇ, ಅಥವಾ ನಿನ್ನೆ ಮೊನ್ನೆ ಯಾರೋ ಕೂಡಿಸಿದ್ದೇ ಎಂಬುದಷ್ಟೇ ಪ್ರಶ್ನೆ. ಇದಕ್ಕೆ ಉತ್ತರ ಒರೆಯ ಬಾಯಲ್ಲಿರುತ್ತದೆ. ಹಳೆಯ ಜೊತೆಯಾದರೆ ಅಲಗು ಒಳಗೆ ಹೋಗುವಾಗ ಕೊನೆಯ ಎರಡು ಬೆರಳಿನಷ್ಟರಲ್ಲಿ ಮೆತ್ತಗೆ ಬಿಗಿಯುತ್ತದೆ, ಹಿಡಿಯ ಬುಡ ಒರೆಯ ಬಾಯಿಯ ಮೇಲೆ ಸಂದಿಲ್ಲದೆ ಕೂರುತ್ತದೆ, ಬಾಯಿಯ ಒಳಗಿನ ಮರ ಅಲಗಿನ ಬೆನ್ನು ಉಜ್ಜಿದ ಕಡೆ ಮಾತ್ರ ನುಣುಪಾಗಿರುತ್ತದೆ. ಹೊಸ ಜೊತೆಯಾದರೆ ಅಲಗು ಒಳಗೆ ಗಿಲಕಿಯಂತೆ ಸದ್ದುಮಾಡುತ್ತದೆ, ಇಲ್ಲವೇ ಬಾಗು ಹೊಂದದೆ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ.

ಇಷ್ಟು ಹೇಳಿದ್ದರಿಂದ ವಿಯೆಟ್ನಾಮಿನವರು ಕಾದುವ ಕತ್ತಿಯನ್ನೇ ಮಾಡಲಿಲ್ಲ ಎಂದು ತಿಳಿಯಬಾರದು. ನೂರಾರು ವರ್ಷ ಚೀನಾವನ್ನು ತಡೆದು ನಿಲ್ಲಿಸಿದ ಜನ ಅವರು. ಹನೋಯಿಯ ಜಾಂಗ್ ವೋ ಭಾಗದಲ್ಲಿ, ಲೇ ಅರಸರ ಕಾಲದಲ್ಲಿ ಸೈನಿಕರ ತರಬೇತಿ ನಡೆಯುತ್ತಿದ್ದ ಜಾಗದಲ್ಲಿ, ಕೆಸರಿನಿಂದ ಕತ್ತಿ, ಭರ್ಜಿ, ಈಟಿಗಳು ಎದ್ದುಬಂದಿವೆ. ಆ ಸಂಗ್ರಹ ಹನೋಯಿ ವಸ್ತುಸಂಗ್ರಹಾಲಯದಲ್ಲಿದೆ, ತಪ್ಪದೆ ನೋಡಿ. ಅಲ್ಲಿ ಚಿಪ್ಪಿಲ್ಲ, ಬೆಳ್ಳಿಯಿಲ್ಲ. ತುಕ್ಕು ತಿಂದ ಕಬ್ಬಿಣ ಮಾತ್ರ. ಬೆನ್ನು ದಪ್ಪ, ಬಾಗು ಕಡಿಮೆ. ಎರಡೂ ಕೈಗಳಿಂದ ಹಿಡಿಯುವಷ್ಟು ಉದ್ದ ಹಿಡಿ, ಕಾಪಿಗೆ ಒಂದು ದುಂಡು ಬಿಲ್ಲೆ, ಸ್ವಲ್ಪವೇ ಬಾಗಿದ ಒಂದಂಚಿನ ಅಲಗು: ಈ ಬಗೆಯ ಉದ್ದಗತ್ತಿಯನ್ನು ಅಲ್ಲಿ 'ಗುವೊಮ್ ಚುವೊಂಗ್' ಎನ್ನುತ್ತಾರೆ. ಹಾಯ್ ಫೋಂಗ್ ಸಮೀಪದ ಸ್ಮಾರಕ ದೇಗುಲದಲ್ಲಿ, 1527ರಲ್ಲಿ ಪಟ್ಟವೇರಿದ ಮಾಕ್ ದಾಂಗ್ ಜುಂಗ್ ಎಂಬ ದೊರೆಯದೆಂದು ಪೂಜಿಸುವ ಉದ್ದ ಹಿಡಿಯ ಭಾರಿ ಖಡ್ಗವೊಂದಿದೆ. 2.55 ಮೀಟರ್ ಉದ್ದ, 25 ಕಿಲೋಗಿಂತ ಹೆಚ್ಚು ತೂಕ. ಅದನ್ನು ಬೀಸುವ ತೋಳು ಎಂಥದ್ದಿರಬೇಕು ಎಂದು ಅದರ ಮುಂದೆ ನಿಂತವರೆಲ್ಲ ಯೋಚಿಸುತ್ತಾರೆ. ಇನ್ನೂ ಹಿಂದಕ್ಕೆ ಹೋದರೆ, ಕ್ರಿಸ್ತಪೂರ್ವದ ದೋಂಗ್ ಸೋನ್ ಸಂಸ್ಕೃತಿಯ ಕಂಚಿನ ಕಿರುಗತ್ತಿಗಳು ಸಿಗುತ್ತವೆ. ನುವಾ ಬೆಟ್ಟದಲ್ಲಿ ಸಿಕ್ಕ ಒಂದರ ಹಿಡಿಯೇ ಸೊಂಟದ ಮೇಲೆ ಕೈಯಿಟ್ಟು ನಿಂತ ಹೆಣ್ಣು, ಕಿವಿಯಲ್ಲಿ ದೊಡ್ಡ ಓಲೆ. ನನ್ನ ಮಟ್ಟಿಗೆ ಆ ನಾಡಿನ ಕತ್ತಿಗಳಲ್ಲೆಲ್ಲ ಚೆಲುವಾದದ್ದು ಅದು.

ಪದಗಳನ್ನೂ ಸರಿಯಾಗಿ ಕಲಿಯಿರಿ, ಮಾರುವವರ ಜೊತೆ ಮಾತಾಡಲು ಬೇಕಾಗುತ್ತದೆ. 'ಗುವೊಮ್' ಎನ್ನುವುದು ಜನರ ಬಾಯಿಯ ಮಾತು, ಸಾಮಾನ್ಯವಾಗಿ ಒಂದಂಚಿನ ಕತ್ತಿ. 'ಕಿಯೆಮ್' ಗ್ರಂಥಸ್ಥ ಮಾತು, ಕಟ್ಟುನಿಟ್ಟಾಗಿ ಹೇಳಿದರೆ ಎರಡಂಚಿನ ನೇರ ಖಡ್ಗ. ಎರಡೂ ಚೀನೀ ಭಾಷೆಯ ಒಂದೇ ಪದದಿಂದ ಬಂದವು. ಒಂದು ಬಹಳ ಹಿಂದೆ ಬಂದು ಮನೆಮಾತಾಯಿತು, ಇನ್ನೊಂದು ತಡವಾಗಿ ಪುಸ್ತಕದ ಮೂಲಕ ಬಂತು. ನಮ್ಮಲ್ಲಿ ತದ್ಭವವೂ ತತ್ಸಮವೂ ಅಕ್ಕಪಕ್ಕ ಉಳಿದ ಹಾಗೆ. 'ದಾವ್' ಎಂದರೆ ಅಗಲ ಅಲಗಿನದು. 'ಮಾ ತೌ' ಎಂದರೆ ನಮ್ಮ ಮಚ್ಚಿನ ಅಣ್ಣ.

ನೀವು ದಿನವೂ ಹಾದುಹೋಗುವ ಸರೋವರದ ಹೆಸರಲ್ಲೇ ಈ ಎರಡೂ ಮಾತುಗಳಿವೆ. ಬರಹದಲ್ಲಿ ಹೋವಾನ್ ಕಿಯೆಮ್, ಅಂದರೆ ಮರಳಿಸಿದ ಖಡ್ಗ. ಜನ ಕರೆಯುವುದು ಹೋ ಗುವೊಮ್, ಕತ್ತಿಯ ಕೆರೆ. ಲೇ ಲೋಯ್ ಎಂಬ ನಾಯಕ 1418ರಲ್ಲಿ ಚೀನಾದ ಮಿಂಗ್ ಆಳ್ವಿಕೆಯ ವಿರುದ್ಧ ಎದ್ದುನಿಂತ. ಲೇ ಥಾನ್ ಎಂಬ ಬೆಸ್ತನ ಬಲೆಗೆ ಒಂದು ಅಲಗು ಮೂರು ಬಾರಿ ಸಿಕ್ಕಿತಂತೆ. ಹಿಡಿ ಮಾತ್ರ ಬೇರೆಲ್ಲೋ, ಮರದ ಮೇಲೆ, ಲೇ ಲೋಯ್‌ಗೇ ಸಿಕ್ಕಿತು. ಎರಡನ್ನೂ ಕೂಡಿಸಿದರೆ ಅಚ್ಚುಕಟ್ಟಾಗಿ ಹೊಂದಿದವು. ಗೆದ್ದು 1428ರಲ್ಲಿ ಅರಸನಾದ ಮೇಲೆ ಅವನು ಕೆರೆಯಲ್ಲಿ ದೋಣಿ ಬಿಟ್ಟಾಗ ಚಿನ್ನದ ಆಮೆ ಎದ್ದುಬಂದು ಕತ್ತಿಯನ್ನು ಹಿಂದಕ್ಕೆ ಕೇಳಿತು; ಅವನು ಕೊಟ್ಟುಬಿಟ್ಟ. ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆಮೆಯಲ್ಲ. ಅಲಗು ಒಂದು ಕಡೆ, ಹಿಡಿ ಇನ್ನೊಂದು ಕಡೆ ಹುಟ್ಟಿ ನಂತರ ಕೂಡಿತು ಎಂಬ ಮಾತು. ಈ ನಾಡಿನ ಅತ್ಯಂತ ಪವಿತ್ರ ಕತ್ತಿಯೇ ಹಾಗೆ ಕೂಡಿಸಿದ ಕತ್ತಿ.

ಇನ್ನು ಪ್ರವಾಸಿಗರಿಗೆ ಮಾಡಿದ್ದೇ ಎಂಬ ಸಂದೇಹ. ಮೂರು ಬಗೆಯವು ಮಾರುಕಟ್ಟೆಯಲ್ಲಿ ಬೆರೆತಿವೆ. ಅಧಿಕಾರಿಗಳಿಗಾಗಿಯೇ ಮಾಡಿದವು. 1880ರ ದಶಕದ ನಂತರ ಊರಿಗೆ ಹೊರಟ ಫ್ರೆಂಚ್ ಅಧಿಕಾರಿ, ವರ್ತಕರಿಗಾಗಿ ಅದೇ ಕುಶಲಿಗಳು ಅದೇ ಬೀದಿಯಲ್ಲಿ ಮಾಡಿದವು. ಮತ್ತು ನಮ್ಮ ಕಾಲದ ನಕಲುಗಳು. ಎರಡನೆಯ ಬಗೆಯನ್ನು ಕೀಳೆಂದು ತಳ್ಳುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಕೊಳ್ಳುವವನು ಬದಲಾದ, ಕೈ ಬದಲಾಗಲಿಲ್ಲ. ಅಲಗು ಇನ್ನಷ್ಟು ತೆಳುವಾಯಿತು, ಚಿತ್ತಾರ ಇನ್ನಷ್ಟು ದಟ್ಟವಾಯಿತು, ಅಷ್ಟೇ. ಮೂರನೆಯದನ್ನು ಮಾತ್ರ ಗುರುತಿಸಲು ಕಲಿಯಲೇಬೇಕು.

ನಕಲಿನಲ್ಲಿ ಚಿಪ್ಪಿನ ತುಂಡುಗಳ ಅಂಚು ಅಚ್ಚಿನಲ್ಲಿ ಒತ್ತಿದಂತೆ ಒಂದೇ ಸಮ ಇರುತ್ತದೆ, ಬಲಗಡೆಯ ಹೂವೂ ಎಡಗಡೆಯ ಹೂವೂ ಅವಳಿಜವಳಿ. ಗೀರುಗಳ ಆಳ ಎಲ್ಲೆಡೆ ಒಂದೇ. ಬೆಳ್ಳಿಯ ಪಟ್ಟಿಯನ್ನು ಹಳಬರು ಹಿಂಬದಿಯಿಂದ ತಟ್ಟಿ ಉಬ್ಬಿಸುತ್ತಿದ್ದರು, ಆದ್ದರಿಂದ ಎತ್ತರದ ಜಾಗದಲ್ಲಿ ತಗಡು ತೆಳುವಾಗಿ, ಕೆಲವೆಡೆ ಸವೆದು ತೂತೂ ಆಗಿರುತ್ತದೆ. ಎರಕದ್ದಾದರೆ ಡ್ರ್ಯಾಗನ್ನಿನ ಹುರುಪೆಗಳು ಮೊಂಡಾಗಿ, ಸಂದಿಗಳಲ್ಲಿ ಎರಕದ ಗುಳ್ಳೆಗಳು ಉಳಿದಿರುತ್ತವೆ. ಇನ್ನು ಆಮ್ಲದಲ್ಲಿ ಅದ್ದಿ ಮುದಿಮಾಡಿದ ಅಲಗು: ಅದರ ತುಕ್ಕು ಮೈತುಂಬ ಒಂದೇ ಬಣ್ಣದ ಕಿತ್ತಳೆ, ಬಟ್ಟೆಗೆ ಅಂಟುತ್ತದೆ. ನಿಜವಾದ ಹಳೆಯ ತುಕ್ಕು ಕಂದುಗಪ್ಪು, ಉಗುರಿಗೆ ಜಗ್ಗುವುದಿಲ್ಲ, ಕೈ ಹೆಚ್ಚು ತಾಗಿದ ಕಡೆ ಒಂದು ಬಗೆ, ತಾಗದ ಕಡೆ ಇನ್ನೊಂದು ಬಗೆ. ಸವೆತಕ್ಕೂ ಒಂದು ನ್ಯಾಯವಿದೆ. ಕೈ ಹಿಡಿಯುವ ಜಾಗ ಸವೆಯಬೇಕು, ಬಟ್ಟೆ ಉಜ್ಜುವ ಬದಿ ಸವೆಯಬೇಕು. ಕೈಯೇ ಹೋಗದ ಮೂಲೆ ಸವೆದಿದ್ದರೆ ಅದನ್ನು ಸವೆಸಿದ್ದು ಕಾಲವಲ್ಲ, ಯಂತ್ರ. ಸೈಗಾನಿನ ಲೇ ಕೋಂಗ್ ಕಿಯೆವ್ ಬೀದಿಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಒಂದು ಬೆಳಗ್ಗೆ ಕೊಳ್ಳದೆ ಬರೀ ನೋಡುತ್ತ ಕಳೆದರೆ ಇವೆಲ್ಲ ಕಣ್ಣಿಗೆ ಹತ್ತುತ್ತವೆ.

ಹಿಡಿ ದಂತದ್ದೆಂದಿರಿ. ಮೊದಲು ಅದು ದಂತವೇ ನೋಡಿ. ಹಿಡಿಯ ಅಡ್ಡಕೊಯ್ತದ ಮುಖದಲ್ಲಿ, ಅಂದರೆ ತುದಿಯಲ್ಲೋ ಬುಡದಲ್ಲೋ, ಒಂದರ ಮೇಲೊಂದು ಹಾಯ್ದ ಬಿಲ್ಲುಗೆರೆಗಳ ಬಲೆ ಕಂಡರೆ ಆನೆದಂತ. ಸೂಜಿಯ ಚುಚ್ಚಿನಂಥ ಕಪ್ಪು ಚುಕ್ಕೆ, ಸಣ್ಣ ಗೀಟುಗಳು ಕಂಡರೆ ಮೂಳೆ. ಉದ್ದಕ್ಕೂ ಒಂದು ಕೂಡುಗೆರೆ ಓಡಿದ್ದರೆ ಪ್ಲಾಸ್ಟಿಕ್. ಕಾಸಿದ ಸೂಜಿ ಚುಚ್ಚಿ ವಾಸನೆ ನೋಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಪರೀಕ್ಷೆ ಮುಗಿಯುವಷ್ಟರಲ್ಲಿ ಹಿಡಿ ಹಾಳಾಗಿರುತ್ತದೆ. ದಂತವೇ ಆದರೆ ನನ್ನ ಸಲಹೆ ನೇರ: ಭಾರತಕ್ಕೆ ತರುವ ಯೋಚನೆ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಒಂದು ಕಡೆ, ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದ ಇನ್ನೊಂದು ಕಡೆ. ಆಮೆಚಿಪ್ಪಿನ ಹಿಡಿಗೂ ಇದೇ ಮಾತು. ಒರೆಯ ಚಾಕ್ ಮರವೂ ಸೈಟಿಸ್ ಪಟ್ಟಿಯಲ್ಲಿದೆ, ಅದಕ್ಕೂ ಕಾಗದಪತ್ರ ಬೇಕು.

ಕಾನೂನಿನ ಉಳಿದ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ವಿಯೆಟ್ನಾಮಿನಲ್ಲಿ ನೂರು ವರ್ಷ ದಾಟಿದ, ಬೆಲೆಬಾಳುವ ವಸ್ತು ಪುರಾತನ ವಸ್ತುವಾಗುತ್ತದೆ, ಅದನ್ನು ಅನುಮತಿಯಿಲ್ಲದೆ ಗಡಿ ದಾಟಿಸುವಂತಿಲ್ಲ. ಕತ್ತಿ ಅಲ್ಲಿನ ಆಯುಧ ಕಾನೂನಿನಡಿಯೂ ಬರುತ್ತದೆ. ಮನೆತನದ ಆಸ್ತಿಯಾಗಿ ಅಥವಾ ಪ್ರದರ್ಶನಕ್ಕೆ ಇಟ್ಟುಕೊಳ್ಳುವವರು ಸ್ಥಳೀಯ ಪೊಲೀಸರಿಗೆ ಘೋಷಿಸಬೇಕು. ನೀವು ವಿದೇಶೀಯರು, ಹಣ ಕೊಡುವ ಮೊದಲೇ ವಿಚಾರಿಸಿ. ಭಾರತದಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಆಯುಧವನ್ನು ಹೊರಗಿನಿಂದ ತರಲು ಪರವಾನಗಿ ಬೇಕು, ಅಲಂಕಾರದ್ದು ಎಂದು ವಿಮಾನ ನಿಲ್ದಾಣದಲ್ಲಿ ವಾದಿಸಿ ಪ್ರಯೋಜನವಿಲ್ಲ.

ಕಾನೂನಿಗಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಫ್ರಾನ್ಸಿನ ಹರಾಜುಗಳಲ್ಲಿ ಈ ಕತ್ತಿಗಳು ಇಷ್ಟೊಂದು ಏಕೆ ಬರುತ್ತವೆ? 1885ರ ಜುಲೈ 5ರ ನಸುಕಿನಲ್ಲಿ ಹ್ವೆ ನಗರದ ಫ್ರೆಂಚ್ ನೆಲೆಯ ಮೇಲೆ ಅರಮನೆಯ ಸೇನೆ ಎರಗಿತು, ಸೋತಿತು. ಎಳೆಯ ದೊರೆ ಹಾಮ್ ಙಿಯನ್ನು ಬೆಟ್ಟಗಳಿಗೆ ಸಾಗಿಸಿದರು. ಬೆಳಗಾದ ಮೇಲೆ ಅರಮನೆಯ ಲೂಟಿ ನಡೆಯಿತು. ಅಂದಿನಿಂದ ಎಷ್ಟೋ ವಸ್ತುಗಳು ಸೈನಿಕರ ಪೆಟ್ಟಿಗೆಗಳಲ್ಲಿ ಫ್ರಾನ್ಸಿನ ಹಳ್ಳಿಹಳ್ಳಿ ಸೇರಿದವು. ಕೊನೆಯ ದೊರೆ ಬಾವ್ ದಾಯ್ 1945ರ ಆಗಸ್ಟ್ 30ರಂದು ಹ್ವೆಯ ಅರಮನೆಯ ಹೆಬ್ಬಾಗಿಲ ಮೇಲೆ ನಿಂತು ಸಿಂಹಾಸನ ತ್ಯಜಿಸಿದಾಗ ಹೊಸ ಸರ್ಕಾರದ ಪ್ರತಿನಿಧಿಗಳ ಕೈಗಿತ್ತದ್ದು ಎರಡು ವಸ್ತು: ಚಿನ್ನದ ಮುದ್ರೆ, ಖಡ್ಗ. ಆ ಮುದ್ರೆ 2022ರಲ್ಲಿ ಪ್ಯಾರಿಸಿನ ಹರಾಜಿನ ಪಟ್ಟಿಯಲ್ಲಿ ಕಾಣಿಸಿಕೊಂಡು ನಾಡಿಗೆ ನಾಡೇ ಬೆಚ್ಚಿಬಿತ್ತು. ಮಾತುಕತೆಯ ಬಳಿಕ 2023ರ ನವೆಂಬರಿನಲ್ಲಿ ಅದು ತವರಿಗೆ ಮರಳಿತು. ಆದ್ದರಿಂದ ಕತ್ತಿ ಕೊಳ್ಳುವಾಗ ಅದರ ಜಾಡು ಕೇಳಿ. ಯಾರಿಂದ ಯಾರಿಗೆ ಬಂತು, ಯಾವ ವರ್ಷ, ಪತ್ರವಿದೆಯೇ, ಹಳೆಯ ಚಿತ್ರವಿದೆಯೇ. ಜಾಡು ಹೇಳಲು ಹಿಂಜರಿಯುವವರಿಂದ ನಾನು ಏನನ್ನೂ ಕೊಂಡಿಲ್ಲ, ಎಷ್ಟೇ ಚೆಲುವಾಗಿದ್ದರೂ.

ಕೊಂಡರೂ ಕೊಳ್ಳದಿದ್ದರೂ ಆರೈಕೆಯನ್ನು ತಿಳಿದಿರಿ, ಆ ಮನೆಯವರಿಗಾದರೂ ಹೇಳಬಹುದು. ಇಪ್ಪತ್ತು ವರ್ಷಗಳ ಹಿಂದೆ ನನ್ನ ಕೈಗೆ ಬಂದ ಮೊದಲ ಒರೆಯ ಬೆಳ್ಳಿ ಕಪ್ಪಾಗಿತ್ತು. ಮನೆಯಲ್ಲಿ ಪೂಜೆ ಸಾಮಾನು ತೊಳೆಯುವ ಹಾಗೆ ಹುಣಸೆಹಣ್ಣಿನ ರಸ ಹಚ್ಚಿ ಉಜ್ಜಿದೆ. ಬೆಳ್ಳಿ ಬೆಳಗಿತು. ಪಕ್ಕದಲ್ಲಿದ್ದ ಚಿಪ್ಪಿನ ಕಮಲದ ಮೂರು ಎಸಳುಗಳು ಮಾತ್ರ ಹಾಲಿನಂತೆ ಮಂಕಾದವು, ಆ ಹೊಳಪು ಮತ್ತೆ ಬರಲಿಲ್ಲ. ಚಿಪ್ಪೆಂದರೆ ಸುಣ್ಣವೇ, ಹುಳಿ ತಾಗಿದರೆ ಕರಗುತ್ತದೆ. ಇಂದಿಗೂ ಆ ಎಸಳುಗಳನ್ನು ಕಂಡಾಗ ಸಂಕಟವಾಗುತ್ತದೆ. ಆಯುಧಪೂಜೆಯ ದಿನ ನಿಂಬೆಹಣ್ಣು ಕೊಯ್ದು ಇಡುವುದು, ನೀರು ಚಿಮುಕಿಸುವುದು, ಕುಂಕುಮ ಮೆತ್ತುವುದು ಇಂಥ ಕತ್ತಿಗೆ ಬೇಡ. ಪಕ್ಕದಲ್ಲಿ ತಟ್ಟೆಯಿಟ್ಟು ಹೂವೇರಿಸಿದರೆ ಭಕ್ತಿಗೇನೂ ಕೊರತೆಯಾಗದು.

ಹನೋಯಿಯಲ್ಲಿ ಚಳಿ ಮುಗಿದು ನೆಲ, ಗೋಡೆಗಳೆಲ್ಲ ಬೆವರುವ ದಿನಗಳು ಬರುತ್ತವಲ್ಲ, ಅಲ್ಲಿನವರು 'ನೋಮ್' ಎನ್ನುವುದು, ಅವೇ ಒರೆಗೆ ಅತ್ಯಂತ ಕೆಟ್ಟವು. ಮರ ಉಬ್ಬುತ್ತದೆ. ಆಮೇಲೆ ಎ.ಸಿ. ಹಾಕಿದರೆ ಒಮ್ಮೆಲೇ ಒಣಗಿ ಕುಗ್ಗುತ್ತದೆ. ಚಿಪ್ಪು ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಹಾಗಾಗಿ ಅದು ಗುಳಿಯಿಂದ ಹಾರಿಬೀಳುತ್ತದೆ. ಬಿದ್ದ ಚೂರನ್ನು ಕೂಡಲೇ ಅಂಟಿಸಲು ಹೋಗದೆ, ಯಾವ ಜಾಗದ್ದೆಂದು ಬರೆದು ಪೊಟ್ಟಣ ಕಟ್ಟಿಡಿ. ಶೀಘ್ರವಾಗಿ ಹಿಡಿಯುವ ಗೋಂದುಗಳನ್ನಂತೂ ಹತ್ತಿರ ತರಬೇಡಿ. ಅಲಗಿಗೆ ವರ್ಷಕ್ಕೆ ಎರಡು ಬಾರಿ ಹೊಲಿಗೆ ಯಂತ್ರದ ಎಣ್ಣೆಯನ್ನು ಮೆತ್ತನೆಯ ಬಟ್ಟೆಯಲ್ಲಿ ಒಂದೇ ಒಂದು ಪದರ ಸವರಿದರೆ ಸಾಕು. ಹೆಚ್ಚಾದರೆ ಎಣ್ಣೆ ಒರೆಯೊಳಗೆ ಇಳಿದು ಅಂಟನ್ನು ಸಡಿಲಿಸುತ್ತದೆ. ತೆಂಗಿನೆಣ್ಣೆ ಬೇಡ, ಕೆಡುತ್ತದೆ. ಹರಿತಮಾಡಿಸಬೇಡಿ, ಹೊಳಪು ಕೊಡಿಸಬೇಡಿ.

ಈಗ ನಿಮ್ಮ ಮುಂದಿನ ಕತ್ತಿ. ನೀವು ಬರೆದಷ್ಟರಿಂದ ಹೇಳುವುದಾದರೆ ಅದು ಆಟಿಕೆಯಲ್ಲ. ಚಿಪ್ಪಿನ ಒರೆ, ಬಿಲ್ಲುಗಾಪು, ತೆಳು ಅಲಗು, ಬಿಳಿ ಹಿಡಿ ಈ ನಾಲ್ಕೂ 19ನೇ ಶತಮಾನದ ಕೊನೆಯ ಅಥವಾ 20ನೆಯದರ ಆರಂಭದ ಕತ್ತಿಗೆ ಹೊಂದುವ ಲಕ್ಷಣಗಳು. ಆದರೆ ಹಿಡಿ ದಂತವಾದರೆ ಕೊಳ್ಳಬೇಡಿ ಎಂದೇ ಹೇಳುತ್ತೇನೆ. ಅದು ಆ ಊರಲ್ಲೇ ಇರಲಿ. ಸಂಗ್ರಹದ ಆಸೆಯಿದ್ದರೆ ದಾರಿ ಬೇರೆಯಿದೆ. ಹನೋಯಿಯ ಅಂಚಿನ ದಾ ಸೀ ಹಳ್ಳಿಯಲ್ಲಿ ಇಂದಿಗೂ ಕುಲುಮೆಗಳು ಉರಿಯುತ್ತವೆ. ಉತ್ತರದ ಕಾವೊ ಬಾಂಗ್ ಪ್ರಾಂತ್ಯದ ಫುಕ್ ಸೆನ್‌ನಲ್ಲಿ ನುಂಗ್ ಜನ ಲಾರಿಯ ಪಟ್ಟಿಯುಕ್ಕನ್ನು ಬಡಿದು ಅಡುಗೆಮನೆಯ ಕತ್ತಿ ಮಾಡುತ್ತಾರೆ. ಅಲ್ಲಿಂದ ಒಂದು ತರಕಾರಿ ಹೆಚ್ಚುವ ಕತ್ತಿ ತನ್ನಿ. ಚುವೊನ್ ನ್ಗೋದಿಂದ ಅಂಗೈಯಗಲದ ಒಂದು ಚಿಪ್ಪಿನ ತಟ್ಟೆ ತನ್ನಿ, ಕೈಯಲ್ಲಿ ಕೊರೆದದ್ದೇ ಬೇಕೆಂದು ಕೇಳಿ. ಎರಡನ್ನೂ ಆರು ತಿಂಗಳು ನೋಡುತ್ತ, ಬಳಸುತ್ತ ಇದ್ದರೆ ಅಲಗಿನ ಹದವೂ ಒರೆಯ ಕುಸುರಿಯೂ ನಿಮಗೆ ತಾವಾಗಿಯೇ ತಿಳಿಯತೊಡಗುತ್ತವೆ.

ಆ ಮನೆಗೆ ಮತ್ತೊಮ್ಮೆ ಹೋಗಿ. ಒಂದು ಭೂತಗನ್ನಡಿ, ಪುಟ್ಟ ಟಾರ್ಚು, ಅಳತೆಪಟ್ಟಿ ಇರಲಿ. ಬೆಳಕನ್ನು ಒರೆಯ ಮೇಲೆ ನೇರವಾಗಿ ಬಿಡದೆ ಬದಿಯಿಂದ ಹಾಯಿಸಿ, ಗೀರುಗಳು ಎದ್ದು ಕಾಣುತ್ತವೆ. ಅಲಗಿನ ಬುಡ, ಒರೆಯ ಬಾಯಿ, ಹಿಡಿಯ ತುದಿ ಮೂರರ ಚಿತ್ರ ತೆಗೆಯಿರಿ. ಬೆಳ್ಳಿಯ ಮೇಲೆ ಚೀನೀ ಲಿಪಿಯ ಅಕ್ಷರಗಳಿದ್ದರೆ ಒಂದೊಂದನ್ನೂ ಬೇರೆಬೇರೆ ತೆಗೆಯಿರಿ. ಮನೆಯಲ್ಲಿ ಅಜ್ಜಿಯೋ ಅಜ್ಜನೋ ಇದ್ದರೆ ಕತ್ತಿಯನ್ನು ಅವರ ಮುಂದಿಟ್ಟು, ಅದು ಯಾರದಾಗಿತ್ತು, ಯಾವ ಗೋಡೆಯ ಮೇಲೆ ತೂಗುತ್ತಿತ್ತು ಎಂದು ಕೇಳಿ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡು ಒಂದು ಪ್ರತಿಯನ್ನು ಆ ಮನೆಯವರಿಗೇ ಕೊಡಿ, ಇನ್ನೊಂದನ್ನು ಚಿತ್ರಗಳ ಜೊತೆ ನನಗೆ ಕಳುಹಿಸಿ.